ಅನುಮಾನದ ಕಾಲಂ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಪಂದ್ಯಗಳು ನಡೆದ ಆ ಹತ್ತು ಹನ್ನೆರಡು ದಿನ ಆಷಾಢದ ಕೊನೆಯಲ್ಲಿದ್ದವೋ ಶ್ರಾವಣಕ್ಕೆ ಬಿದ್ದಿದ್ದವೋ ಎಂದು ಕೇಳಿದರೆ ನಮ್ಮನೆಯವರು ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಹೇಳುತ್ತಾರೆ. ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಆದರೆ ಆಗಿನ ಪುಟ ತೆಗೆದರೆ "ಮಳೆ, ಸೊಪ್ಪು ಒದ್ದೆ", "ಹುಳು ನಾಲ್ಕನೇ ಜ್ವರದಿಂದ ಎದ್ದವು", "ಇವತ್ತೂ ಸೋತರು" ಎಂಬಂಥ ಸಾಲುಗಳಷ್ಟೇ ಇವೆ. ನಾನೇನು ಯೋಚಿಸಿದೆ, ಯಾಕೆ ಹಾಗೆ ಮಾಡಿದೆ ಎಂಬುದು ಎಲ್ಲೂ ಇಲ್ಲ. ಹಾಗಾಗಿ ಈಗ ನೆನಪಿಗೆ ಬರುವುದರಲ್ಲಿ ನಡೆದದ್ದು ಎಷ್ಟು, ಆಮೇಲೆ ನನ್ನ ಸಮಾಧಾನಕ್ಕೋ ಶಿಕ್ಷೆಗೋ ನಾನೇ ಸೇರಿಸಿಕೊಂಡದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮೊನ್ನೆ ಬೆಳಿಗ್ಗೆ ಹುಳು ಮನೆಯಲ್ಲಿ ರೇಷ್ಮೆ ಗೂಡು ಬಿಡಿಸುತ್ತಿದ್ದೆವು. ಒಣಗಿದ ಹಿಪ್ಪುನೇರಳೆ ಕಡ್ಡಿ, ಸುಣ್ಣ, ಬ್ಲೀಚಿಂಗ್ ಪೌಡರ್ ಎಲ್ಲ ಸೇರಿದ ವಾಸನೆ ಅಂಥ ದಿನ ಮೂಗಿಗೆ ಗಟ್ಟಿಯಾಗಿ ಬಡಿಯುತ್ತದೆ. ಒಂದು ಗೂಡಿನ ತುದಿಯಲ್ಲಿ ತಿಳಿ ಹಳದಿ ಕಂಡಿತು. ಕಲೆಯೋ, ಕಿಟಕಿಯ ಬೆಳಕೋ ತಿಳಿಯದೆ ತಿರುಗಿಸಿ ನೋಡುತ್ತ ಕುಳಿತೆ.

"ಅದೇನ್ ಅಂಗ್ ನೋಡ್ತಾ ಕುಂತ್ಕಂಡೆ, ಆಚೆಗಾಕು" ಅಂದರು ಅತ್ತೆ.

ಆಚೆಗೆ ಹಾಕಿದೆ. ಕೈ ಮುಂದಿನ ಗೂಡಿಗೆ ಹೋಗಲಿಲ್ಲ.

ನಾನು ಮಾಗಡಿ ತಾಲ್ಲೂಕಿನ ಕಲ್ಯದವಳು. ನಮ್ಮಲ್ಲಿ ರಾಗಿ, ಹುರುಳಿ, ಒಂದಷ್ಟು ಕುರಿ. ರೇಷ್ಮೆ ಹುಳುವನ್ನು ಹತ್ತಿರದಿಂದ ನೋಡಿದ್ದೇ ಕೈಲಾಂಚದ ಕಡೆಗೆ ಮದುವೆಯಾಗಿ ಬಂದ ಮೇಲೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ರಾಮನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ, ಈಗಲೂ ಇದ್ದೇನೆ. ಮನೆಯಲ್ಲಿ ಅತ್ತೆ, ನಮ್ಮನೆಯವರು ಮಹದೇವ, ಮತ್ತು ವರ್ಷಕ್ಕೆ ಒಂದೋ ಎರಡೋ ತಿಂಗಳು ಮಾತ್ರ ಮನೆಯಲ್ಲಿರುತ್ತಿದ್ದ ನಾದಿನಿ ಚೈತ್ರ. ಅವಳು ಕನಕಪುರದ ಹಾಸ್ಟೆಲಿನಲ್ಲಿದ್ದು ಓದುವಾಗ ಬ್ಯಾಸ್ಕೆಟ್‌ಬಾಲ್ ಹಿಡಿದವಳು, ಬಿಡಲೇ ಇಲ್ಲ. ಆ ವರ್ಷ ಮಹಿಳೆಯರ ರಾಷ್ಟ್ರೀಯ ತಂಡದಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದಳು. ಎಂದರೆ, ಚೆಂಡನ್ನು ಮುಂದಕ್ಕೆ ತಂದು, ಯಾರು ಎಲ್ಲಿರಬೇಕೆಂದು ಬೆರಳೆತ್ತಿ ತೋರಿಸಿ, ಕೊನೆಗೆ ಇನ್ನೊಬ್ಬರ ಕೈಗೆ ದಾಟಿಸುವವಳು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. ಊರಿನಲ್ಲಿ ಮಾತ್ರ ಅವಳನ್ನು "ಉದ್ದಕ್ಕಿರೋ ಹುಡ್ಗಿ" ಎನ್ನುತ್ತಿದ್ದರು.

ನಾನು ಚೆಂಡು ಹಿಡಿದವಳಲ್ಲ. ವಿಶ್ವವಿದ್ಯಾಲಯದಲ್ಲಿ ಪಂದ್ಯ ನಡೆದಾಗ ಪಕ್ಕದ ಮೇಜಿನಲ್ಲಿ ಕೂತು ಸ್ಕೋರ್ ಹಾಳೆ ಬರೆಯುತ್ತಿದ್ದವಳು. ಆಗ ಅಲ್ಲಿ ಕೋಚ್ ಆಗಿದ್ದ ಮೇಡಂ ಆ ವರ್ಷ ರಾಷ್ಟ್ರೀಯ ತಂಡಕ್ಕೆ ಸಹಾಯಕ ಕೋಚ್ ಆಗಿದ್ದರು. ತಂಡ ಪೂರ್ವದ ಒಂದು ದೇಶಕ್ಕೆ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಹೊರಡುವ ಮೊದಲು ಅವರು ಫೋನ್ ಮಾಡಿದರು.

"ಲತಾ, ನಮ್ಮ ಜೊತೆ ವಿಡಿಯೋ ನೋಡಿ ಲೆಕ್ಕ ಹಾಕೋರು ಯಾರೂ ಬರ್ತಿಲ್ಲ. ನಿನಗೆ ಲಿಂಕ್ ಕಳಿಸ್ತೀನಿ. ಎಲ್ಲೆಲ್ಲಿ ಚೆಂಡು ಕಳಕೊಂಡ್ವಿ, ಯಾರಿಂದ ಕಳಕೊಂಡ್ವಿ, ಅಷ್ಟು ಬರೆದುಕೊಡು. ಕೊನೆಗೆ ಇಡೀ ತಂಡದ ಬಗ್ಗೆ ಒಂದು ರಿಪೋರ್ಟ್."

"ಚೈತ್ರ ನನ್ನ ನಾದಿನಿ, ಮೇಡಂ."

"ಗೊತ್ತು. ಅದಕ್ಕೇ ಕೇಳ್ತಿರೋದು. ಮನೆಯವಳು ಅಂತ ನೀನು ಅವಳ ತಪ್ಪು ಮುಚ್ಚೋಳಲ್ಲ."

ಈ ಕೊನೆಯ ಮಾತನ್ನು ಅವರು ಹೀಗೇ ಹೇಳಿದರೋ, ನಾನು ಹೀಗೆ ಕೇಳಿಸಿಕೊಂಡೆನೋ ಗೊತ್ತಿಲ್ಲ. ಹೊಗಳಿಕೆ ಎಂದೇ ತೆಗೆದುಕೊಂಡೆ.

ಅವರು ಕಳಿಸಿದ ಹಾಳೆಯ ಮಾದರಿ ಸರಳವಾಗಿತ್ತು. ವೇಳೆ, ಆಟಗಾರ್ತಿಯ ಹೆಸರು, ಚೆಂಡು ಹೇಗೆ ಹೋಯಿತು ಎಂದು ಮೂರು ಕಾಲಂ. ನಾಲ್ಕನೆಯದು "ಖಚಿತವಿಲ್ಲ". ಚೆಂಡು ಎಸೆದವಳದ್ದು ತಪ್ಪೋ, ಹಿಡಿಯಬೇಕಾದವಳದ್ದು ತಪ್ಪೋ ಎಂದು ವಿಡಿಯೋ ನೋಡಿ ಹೇಳಲಾಗದಿದ್ದರೆ ಅಲ್ಲಿ ಗುರುತು ಹಾಕಬೇಕು. ನಾನು ಅದನ್ನು ಅನುಮಾನದ ಕಾಲಂ ಎಂದು ಕರೆದುಕೊಂಡೆ.

ಪಂದ್ಯಗಳು ನಮ್ಮ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದವು. ಕಾಲೇಜಿಗೆ ರಜೆ. ಮನೆಯಲ್ಲಿ ಮಾತ್ರ ರಜೆಯಿರಲಿಲ್ಲ. ಹುಳು ಪೊರೆ ಕಳಚುವ ಹೊತ್ತಿಗೆ ತಿನ್ನುವುದು ಬಿಟ್ಟು ಸುಮ್ಮನೆ ಮಲಗುತ್ತದೆ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ತಳವಿಲ್ಲ. ಅಂಥ ವಾರದಲ್ಲೇ ಜಡಿಮಳೆ ಹಿಡಿದಿತ್ತು. ಒದ್ದೆ ಸೊಪ್ಪು ಕೊಟ್ಟರೆ ಹುಳುವಿಗೆ ಕಾಯಿಲೆ. ನಮ್ಮನೆಯವರು ಗೋಣಿ ಹೊದ್ದು ಕೊಯ್ದು ತಂದ ಕಡ್ಡಿಯನ್ನು ನಡುಮನೆಯಲ್ಲಿ ಹರಡಿ, ಫ್ಯಾನ್ ಹಾಕಿ, ಹಳೇ ಪಂಚೆಯಲ್ಲಿ ಒರೆಸಿ ಒಣಗಿಸುತ್ತಿದ್ದೆವು. ಆ ಸೊಪ್ಪಿನ ನಡುವೆ ಒಂದು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ನನ್ನ ಕೈ ಸದಾ ಬ್ಲೀಚಿಂಗ್ ಪೌಡರ್ ನಾರುತ್ತಿತ್ತು.

ಅತ್ತೆ ಮೊದಲ ಪಂದ್ಯವನ್ನು ಸೊಪ್ಪು ಒರೆಸುತ್ತಲೇ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಬೇಸರವಾಯಿತು.

"ಇವ್ಳೇನು ಬರೀ ಬ್ಯಾರೆಯೋರ್ಗೇ ಕೊಡ್ತಾ ಅವ್ಳೆ? ಒಂದಾದ್ರೂ ತಾನು ಆಕ್ಕಬಾರ್ದಾ?"

"ಅವಳ ಕೆಲಸವೇ ಅದು ಅತ್ತೆ, ಕೊಡೋದು."

"ಸರಿ ಬುಡು. ಮನೇಲಿ ಒಂದು ಲೋಟ ನೀರು ಕೊಟ್ಟೋಳಲ್ಲ, ಅಲ್ಲೋಗಿ ಕೊಡ್ತಾವ್ಳೆ."

ನಮ್ಮನೆಯವರು ನಕ್ಕರು, ನಾನೂ ನಕ್ಕೆ. ಆ ಪಂದ್ಯ ನಾವು ದೊಡ್ಡ ಅಂತರದಲ್ಲಿ ಸೋತೆವು. ಎದುರಾಳಿಗಳು ಎಲ್ಲದರಲ್ಲೂ ಮೇಲಿದ್ದರು, ಹಾಗಾಗಿ ಸೋಲಿನಲ್ಲಿ ಯಾರ ಹೆಸರೂ ಎದ್ದು ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು, ಫೋಟೋ ತೆಗೆದು ಮೇಡಂಗೆ ಕಳಿಸಿದೆ.

ಎರಡನೆಯದು ಗೆಲ್ಲಬಹುದಾಗಿದ್ದ ಪಂದ್ಯ. ಕೊನೆಯ ನಿಮಿಷದವರೆಗೂ ಸಮಸಮ ಇತ್ತು. ಚೈತ್ರ ಚೆಂಡು ತಂದಳು, ಎಡಕ್ಕೆ ನೋಡಿದಳು, ನೋಡದೆಯೇ ಬಲ ಮೂಲೆಗೆ ಎಸೆದಳು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ, ಕುರ್ಚಿಯಲ್ಲಿ ಕೂತಿದ್ದ ಒಬ್ಬ ಫೋಟೋಗ್ರಾಫರನ ಕಾಲಿಗೆ ತಗುಲಿ ನಿಂತಿತು. ಮರುಗಳಿಗೆ ಎದುರಾಳಿಗಳು ಅದನ್ನು ಬುಟ್ಟಿಗೆ ಹಾಕಿದರು, ಆ ಒಂದೇ ಬುಟ್ಟಿಯ ಅಂತರದಲ್ಲಿ ಸೋತೆವು.

ಮರುದಿನ ಡೇರಿಗೆ ಹಾಲು ಹಾಕಲು ಹೋದಾಗ ನಾನೂ ನಮ್ಮನೆಯವರ ಜೊತೆಗಿದ್ದೆ. ಅವರ ಗೆಳೆಯನೊಬ್ಬ ಕ್ಯಾನು ಇಳಿಸುತ್ತ ಕೇಳಿದ: "ಏನ್ಲಾ ಮಾದೇವ, ನಿನ್ ತಂಗಿ ಯಾರೂ ಇಲ್ದಿರೋ ಕಡೆ ಬಾಲ್ ಎಸೆದು ಇಂಡಿಯಾನ ಸೋಲಿಸ್ಬುಟ್ಲಂತಲ್ಲ."

"ನೀನ್ ಓಗಿದ್ರೆ ಗೆಲ್ಸ್ಬುಡ್ತಿದ್ದೆ ಕಣ್ಲಾ. ಎಮ್ಮೆ ಅಟ್ಟಕ್ಕೇ ಏದುಸ್ರು ಬತ್ತದೆ ನಿಂಗೆ."

ಎಲ್ಲರೂ ನಕ್ಕರು. ನಮ್ಮನೆಯವರು ಖಾಲಿ ಕ್ಯಾನು ಎತ್ತಿಕೊಂಡು ನನಗಿಂತ ಮುಂದೆ ನಡೆದುಬಿಟ್ಟರು.

ನಾನು ಆ ಎಸೆತವನ್ನು ನಾಲ್ಕೈದು ಸಲ ನೋಡಿದೆ. ಏಳನೇ ನಂಬರಿನ ಹುಡುಗಿ ಮೂಲೆಯ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತುಬಿಡುತ್ತಾಳೆ. ಅವಳು ನಿಂತಳೆಂದು ಚೆಂಡು ಹೊರಹೋಯಿತೇ, ಅಥವಾ ಅವಳು ಬರುತ್ತಾಳೋ ಇಲ್ಲವೋ ನೋಡದೆ ಎಸೆದದ್ದೇ ತಪ್ಪೇ? ವಿಡಿಯೋದಲ್ಲಿ ಉತ್ತರವಿರಲಿಲ್ಲ. ಅದಕ್ಕೆಂದೇ ಒಂದು ಕಾಲಂ ಇತ್ತು. ನಾನು ಚೈತ್ರಳ ಹೆಸರು ಬರೆದು ಪುಟ ತಿರುಗಿಸಿದೆ.

ಯಾಕೆ ಎಂಬುದಕ್ಕೆ ಇಲ್ಲಿನ ಒಂದು ರೂಢಿ ಹೇಳಬೇಕು. ಮದುವೆಯಾದ ಹೊಸದರಲ್ಲಿ ನಾನು ಆರಿಸಿದ ಗೂಡನ್ನು ನಮ್ಮನೆಯವರು ರಾಮನಗರದ ಮಾರ್ಕೆಟ್ಟಿಗೆ ಒಯ್ದಿದ್ದರು. ನೂಲು ತೆಗೆಯುವ ರೀಲರ್ ಒಬ್ಬರು ನಮ್ಮ ಗೂಡಿಗೆ ಕೈ ಹಾಕಿ ಕಲೆ ಬಿದ್ದದ್ದೊಂದನ್ನು ಎತ್ತಿ ಹಿಡಿದು, "ಏನ್ ಗೌಡ್ರೇ, ಹೊಸಾ ಸೊಸೆ ಕೈಲಿ ಆರಿಸಿದ್ರಾ" ಅಂದರಂತೆ. ನಮ್ಮನೆಯವರು ಅದನ್ನು ತಮಾಷೆಯಾಗಿ ಹೇಳಿದರು. ಅತ್ತೆ ನಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು.

"ಮುಯ್ಯಾಳಾಗಿ ಬ್ಯಾರೆಯೋರ ಮನೆಗೆ ಗೂಡು ಬುಡ್ಸಕ್ಕೆ ಓದ್ರೆ, ಅನುಮಾನ ಬಂದದ್ದ ಪಕ್ಕಕ್ಕೆ ಮಡಗು. ಮನೆಯೋರು ಬಂದು ನೋಡ್ಕಂಡು ಅವ್ರೇ ಏಳ್ತಾರೆ. ಅವ್ರ್ದ ಎಸೆಯಕ್ಕೆ ನಾವ್ಯಾರು? ನಮ್ಮನೇದು ಅನುಮಾನ ಬಂತಾ, ಯೋಚ್ನೆ ಮಾಡ್ಬ್ಯಾಡ, ಆಚೆಗಾಕು. ಒಂದು ಕಲೆ ಕಂಡ್ರೆ ಮನೆ ಎಸ್ರು ಓಯ್ತದೆ."

ಒಬ್ಬರ ಮನೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಬಂದು ದುಡಿಯುವ ಮುಯ್ಯಾಳು ಪದ್ಧತಿ ಇನ್ನೂ ಇರುವ ಊರು ನಮ್ಮದು. ಅಲ್ಲಿ ಈ ರೂಢಿ ನ್ಯಾಯವಾದದ್ದೇ. ಪರರ ವಸ್ತುವಿಗೆ ಮರ್ಯಾದೆ, ನಮ್ಮದಕ್ಕೆ ಕಾಠಿಣ್ಯ. ಎರಡು ಮೂರು ಬೆಳೆಯಲ್ಲಿ ಅದು ನನ್ನ ಬೆರಳಿಗೆ ಇಳಿದಿತ್ತು. ಅತ್ತೆ ನನ್ನನ್ನು ಮೊದಲು ಹೊಗಳಿದ್ದೂ ಆ ಕೆಲಸಕ್ಕೇ: "ಕಲ್ಯದೋಳಾದ್ರೂ ಕೈ ನಮ್ಮನೇದಾಯ್ತು."

ಹೀಗೆ ಬರೆದರೆ ಎಲ್ಲವನ್ನೂ ರೂಢಿಯ ತಲೆಗೆ ಕಟ್ಟಿದಂತಾಗುತ್ತದೆ. ಅಷ್ಟೇ ಆಗಿತ್ತೆಂದು ನನಗೆ ನಂಬಿಕೆಯಿಲ್ಲ. ನಡುಮನೆಯ ಗೋಡೆಯ ತುಂಬ ಚೈತ್ರಳ ಫೋಟೋಗಳಿದ್ದವು. ಬಂದವರಿಗೆ ಅತ್ತೆ ಅವನ್ನು ತೋರಿಸಿ, ಕೊನೆಗೆ ನನ್ನ ಕಡೆ ತಿರುಗಿ, "ಇವ್ಳು ಅದೇನೋ ಲೆಕ್ಕದ ಪಾಠ ಮಾಡ್ತಾಳೆ" ಎನ್ನುತ್ತಿದ್ದರು. ಅದು ಚುಚ್ಚಿತ್ತೇ? ಆಗ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಮಂಡ್ಯ ಕಡೆಯ ಗೆಳತಿಯೊಬ್ಬಳಿಗೆ ಆ ದಿನಗಳಲ್ಲಿ ಫೋನಿನಲ್ಲಿ, "ನಾನು ಬರೆದದ್ದನ್ನ ನೋಡಿ ತಂಡ ಆಡ್ತಿದೆ ಕಣೇ" ಎಂದು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮೂರನೇ ಪಂದ್ಯ ಗೆದ್ದರು. ಆ ದಿನ ಮಳೆ ಬಿಟ್ಟಿತ್ತು. ಹುಳು ಹಣ್ಣಾಗಿ, ಮೈ ಪಾರದರ್ಶಕವಾಗಿ, ತಲೆ ಎತ್ತಿ ಅತ್ತಿತ್ತ ಹುಡುಕತೊಡಗಿದ್ದವು. ಅವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ಗಡಿಬಿಡಿಯಲ್ಲಿ ಪಂದ್ಯವನ್ನು ನೋಡಿದ್ದು ಸಂಜೆಗೆ. ನಾಲ್ಕನೆಯದರಲ್ಲಿ ಮತ್ತೆ ಸೋತರು, ಪಂದ್ಯಾವಳಿ ಮುಗಿಯಿತು.

ನಾನು ನಾಲ್ಕು ಪುಟದ ರಿಪೋರ್ಟ್ ಬರೆದೆ. ಅದು ಕೆಟ್ಟ ರಿಪೋರ್ಟ್ ಆಗಿರಲಿಲ್ಲ, ಈಗಲೂ ಹಾಗೆ ಅನ್ನಿಸುತ್ತದೆ. ನಮ್ಮ ಹುಡುಗಿಯರು ಗಿಡ್ಡ, ಅದಕ್ಕೇ ಸೋತರು ಎಂದು ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ ಎಂದು ಬರೆದಿದ್ದೆ. ಮೊದಲ ಪಂದ್ಯ ಬಿಟ್ಟರೆ, ಆರಂಭದ ಹತ್ತು ನಿಮಿಷ ನಾವು ಯಾರಿಗೂ ಕಡಿಮೆಯಿರಲಿಲ್ಲ. ತಡೆಯುವ ಆಟ ಚೆನ್ನಾಗಿತ್ತು. ಮೂರನೇ ಕ್ವಾರ್ಟರಿನಿಂದ ಕಾಲು ಸೋಲುತ್ತಿತ್ತು, ಬೆಂಚಿನಲ್ಲಿ ಕೂತವರನ್ನು ಇಳಿಸುವುದು ತಡವಾಗುತ್ತಿತ್ತು. ಯಾರೂ ಅಡ್ಡ ಬಾರದ ಉಚಿತ ಎಸೆತಗಳೂ ತಪ್ಪುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಬುಟ್ಟಿಗೆ ಎಸೆಯುವ ಮೊದಲೇ ನಾವು ಚೆಂಡು ಕಳೆದುಕೊಳ್ಳುತ್ತಿದ್ದೆವು. ಅದರಲ್ಲಿ ದೊಡ್ಡ ಪಾಲು ಒಬ್ಬಳ ಹೆಸರಿಗೆ ಬೀಳುತ್ತಿತ್ತು. "ಒತ್ತಡ ಬಂದಾಗ ಪಾಯಿಂಟ್ ಗಾರ್ಡ್‌ನ ತೀರ್ಮಾನ ಕೈಕೊಡುತ್ತದೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ವಾಕ್ಯ ಚಿಕ್ಕದಾಗಿ, ನೇರವಾಗಿ ಬಂದಿತೆಂದು ಎರಡು ಸಲ ಓದಿಕೊಂಡೆ.

ಚೈತ್ರ ಮನೆಗೆ ಬಂದಳು. ಅವಳಿಗೆ ಇಪ್ಪತ್ತಾರು ತುಂಬಿತ್ತು. ಮುಂದಿನ ಕ್ಯಾಂಪಿನ ಪಟ್ಟಿಯಲ್ಲಿ ಹೆಸರು ಬಂದರೆ ಇನ್ನೆರಡು ವರ್ಷ ಆಟ, ಇಲ್ಲದಿದ್ದರೆ ಆ ವಯಸ್ಸಿಗೆ ಮತ್ತೆ ಯಾರೂ ಕರೆಯುವುದಿಲ್ಲ. ಇದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳು ಬೆಳಿಗ್ಗೆ ಓಡಿ ಬಂದು, ಹಿಪ್ಪುನೇರಳೆ ತೋಟದಲ್ಲಿ ಕೆಲಸ ಮಾಡಿ, ಸಂಜೆ ಹಿತ್ತಿಲ ಗೋಡೆಗೆ ಚೆಂಡು ಬಡಿಯುತ್ತಿದ್ದಳು. ಒಂದು ಬುಧವಾರವೋ ಗುರುವಾರವೋ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಏಳನೇ ನಂಬರಿನ ಹುಡುಗಿಯ ಹೆಸರಿತ್ತು.

ಅತ್ತೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ, "ಓಗ್ಲಿ ಬುಡು ಮಗ, ಅವ್ರೇನು ಕಂಡವ್ರೆ" ಅಂದರು. ಚೈತ್ರ ಕಣ್ಣು ಮುಚ್ಚಿ ಕೂತಿದ್ದಳು. ನಾನು ಒಳಗೆ ಅನ್ನಕ್ಕೆ ನೀರಿಟ್ಟು, ಅಕ್ಕಿ ಹಾಕುವುದನ್ನು ಮರೆತೆ.

ಮೂರು ದಿನ ತಡೆದು ಅವಳಿಗೆ ಹೇಳಿದೆ. ಮಧ್ಯಾಹ್ನ, ಇಬ್ಬರೇ ಇದ್ದೆವು.

"ಚೈತ್ರ, ಮೇಡಂಗೆ ರಿಪೋರ್ಟ್ ಬರೆದುಕೊಟ್ಟವಳು ನಾನು."

"ಗೊತ್ತು ಅತ್ತಿಗೆ."

"ಯಾರು ಹೇಳಿದರು?"

"ಎರಡನೇ ಮ್ಯಾಚ್ ಆದ್ಮೇಲೆ ಮೇಡಂ ಆಳೆ ಫೋಟೋನ ಗೋಡೆ ಮ್ಯಾಲೆ ಆಕಿ ತೋರ್ಸುದ್ರು. ಏಳು ಅನ್ನೋ ಅಂಕಿಗೆ ನಡೂಮಧ್ಯೆ ಗೀಟು ಎಳೆಯೋರು ನಮ್ಮನೇಲಿ ನೀವ್ ಬುಟ್ರೆ ಇನ್ನ್ಯಾರವ್ರೆ?"

ಮೇಡಂ ಹಾಳೆ ತೋರಿಸಿದ ಸಂಜೆ ಅವಳು ಮನೆಗೆ ಫೋನ್ ಮಾಡಿದ್ದಳು. ಹುಳು ಹೇಗಿವೆ, ಮಳೆ ಬಿಟ್ಟಿತಾ, ಅವ್ವನ ಮೊಣಕೈ ನೋವು ಹೇಗಿದೆ ಎಂದು ಕೇಳಿದ್ದಳು. ನನ್ನ ಕೈಗೂ ಫೋನ್ ಬಂದಿತ್ತು. "ಅತ್ತಿಗೆ, ನೀವು ನಿದ್ದೆ ಮಾಡ್ತಿದ್ದೀರಾ ಇಲ್ವಾ" ಎಂದು ನಕ್ಕಿದ್ದಳು. ಅಷ್ಟು ಹೊತ್ತಿಗಾಗಲೇ ಅವಳು ನನ್ನ ಅಕ್ಷರ ನೋಡಿಯಾಗಿತ್ತು.

ನಾನೇ ಲ್ಯಾಪ್‌ಟಾಪ್ ತಂದೆ. ಬೇಡ ಎಂದಳು, ನಾನು ಬಿಡಲಿಲ್ಲ. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಅವಳ ಹೆಸರಿಗೆ ಬರೆದ ಒಂದೊಂದನ್ನೂ ತೋರಿಸಿದೆ. ಮೊದಲನೆಯದಕ್ಕೆ "ಇದು ನಂದೇ" ಅಂದಳು. ಎರಡನೆಯದಕ್ಕೂ "ನಂದೇ, ಬೆವ್ರಿತ್ತು ಕೈ" ಅಂದಳು. ಬಲ ಮೂಲೆಯ ಎಸೆತ ಬಂದಾಗ ವಿಡಿಯೋ ನಿಲ್ಲಿಸಿದಳು.

"ಅಲ್ಲಿ ಯಾರೂ ಇಲ್ಲ, ಚೈತ್ರ."

"ನಾವು ಎಸೆಯೋದು ಆಳಿಗಲ್ಲ ಅತ್ತಿಗೆ, ಜಾಗಕ್ಕೆ. ನಾನು ಎಡಕ್ಕೆ ನೋಡುದ್ರೆ ಅವ್ಳು ಬಲಗಡೆ ಮೂಲೆಗೆ ಬರ್ಬೇಕು. ತಿಂಗಳುಗಟ್ಟಲೆ ಅದನ್ನೇ ಮಾಡಿದೀವಿ."

"ಮತ್ತೆ ಅವಳು ಯಾಕೆ ನಿಂತಳು?"

"ಮಂಡಿ ನೋವಿತ್ತು ಅವ್ಳಿಗೆ. ಯಾರ್ಗೂ ಏಳಿರ್ಲಿಲ್ಲ, ಏಳುದ್ರೆ ಕೂರಿಸ್ಬುಡ್ತಾರೆ ಅಂತ. ನಂಗೊಬ್ಳಿಗೇ ಗೊತ್ತಿತ್ತು."

"ಗೊತ್ತಿದ್ದೂ ಎಸೆದೆಯಾ?"

ಅವಳು ಪರದೆಯ ಮೇಲೆ ನಿಂತುಹೋಗಿದ್ದ ತನ್ನನ್ನೇ ನೋಡುತ್ತಿದ್ದಳು. "ಬತ್ತಾಳೆ ಅನ್ಕಂಡೆ" ಅಂದಳು.

ಹಾಗಾದರೆ ಅದು ಯಾರ ತಪ್ಪು? ನೋವು ಮುಚ್ಚಿಟ್ಟವಳದ್ದೇ, ನೋವು ಗೊತ್ತಿದ್ದೂ ಎಸೆದವಳದ್ದೇ? ಆಡಿದವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರೂ ಹೇಳಲಾಗಲಿಲ್ಲ. ಅಂಥದ್ದನ್ನು ನಾನು ಒಂದು ಗಳಿಗೆಯಲ್ಲಿ ತೀರ್ಮಾನಿಸಿ ಹೆಸರು ಬರೆದಿದ್ದೆ.

ಅವಳು ಎದ್ದು ಹೋದ ಮೇಲೆ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿದೆ. ಎಲ್ಲರಿಗೂ ಒಂದೇ ಅಳತೆ ಹಿಡಿದಿದ್ದೆನೆಂದು ಆವರೆಗೂ ನಂಬಿದ್ದೆ. ಯಾರಾದರೂ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ. ಬೇರೆ ಹುಡುಗಿಯರ ಸಾಲುಗಳಲ್ಲಿ ಅನುಮಾನದ ಕಾಲಮಿನ ತುಂಬ ಗುರುತುಗಳಿದ್ದವು. ಅವರದನ್ನು ಎಸೆಯಲು ನಾನ್ಯಾರು ಎಂದು ಪಕ್ಕಕ್ಕಿಟ್ಟು, ಮೇಡಂ ನೋಡಿಕೊಳ್ಳಲಿ ಎಂದು ಬಿಟ್ಟಿದ್ದೆ. ಚೈತ್ರಳ ಸಾಲಿನಲ್ಲಿ, ನಾಲ್ಕೂ ಪಂದ್ಯದಲ್ಲಿ, ಆ ಕಾಲಂ ಖಾಲಿ. ಅನುಮಾನ ಬಂದದ್ದನ್ನೆಲ್ಲ ಅವಳ ಹೆಸರಿಗೇ ಹಾಕಿದ್ದೆ. ಅವನ್ನು ತೆಗೆದು ಮತ್ತೆ ಎಣಿಸಿದರೆ ಅವಳು ಉಳಿದವರಂತೆಯೇ ಇದ್ದಳು. ನನ್ನ ರಿಪೋರ್ಟಿನ ಆ ನೇರವಾದ ವಾಕ್ಯಕ್ಕೆ ಆಧಾರವೇ ಉಳಿಯುತ್ತಿರಲಿಲ್ಲ.

ಅವತ್ತೇ ಮೇಡಂಗೆ ಎಲ್ಲವನ್ನೂ ಬರೆದೆ. ಏಳನೇ ನಂಬರಿನ ಮಂಡಿಯ ವಿಷಯ ಬರೆಯಲಿಲ್ಲ, ಚೈತ್ರ ಬೇಡವೆಂದಿದ್ದಳು. ಎರಡು ದಿನದ ಮೇಲೆ ಅವರು ಫೋನ್ ಮಾಡಿದರು. "ಪಟ್ಟಿ ಮುಗಿದುಹೋಯ್ತು ಲತಾ. ಕಮಿಟಿ ಮುಂದೆ ಹತ್ತಾರು ಕಾಗದ ಇದ್ವು, ನಿನ್ನದು ಅದರಲ್ಲಿ ಒಂದು. ತಲೆಗೆ ಹಚ್ಚಿಕೋಬೇಡ" ಅಂದರು. ನಿಜವಿರಬಹುದು. ನನಗೆ ನೋವಾಗದಿರಲೆಂದು ಹೇಳಿದ್ದೂ ಇರಬಹುದು. ಅವರು ಫೋನ್ ಇಡುವ ಮೊದಲು, "ನೀನು ಇಷ್ಟು ಖಚಿತವಾಗಿ ಬರೆದಿದ್ದಕ್ಕೇ ನಾನು ಮತ್ತೆ ನೋಡಲಿಲ್ಲ" ಎಂದೂ ಹೇಳಿದರು. ಅಥವಾ ಅದು ನಾನು ಆಮೇಲೆ ಸೇರಿಸಿಕೊಂಡ ಮಾತೋ. ಡೈರಿಯಲ್ಲಿ ಆ ದಿನಕ್ಕೆ "ಮೇಡಂ ಫೋನ್" ಎಂದಷ್ಟೇ ಇದೆ.

ಮನೆಯಲ್ಲಿ ಚೈತ್ರ ಯಾರಿಗೂ ಹೇಳಲಿಲ್ಲ. ಅತ್ತೆಗೆ ಇವತ್ತಿಗೂ ತಿಳಿಯದು. ನಮ್ಮನೆಯವರಿಗೆ ನಾನೇ ಹೇಳಿದೆ. ಅವರು "ನಮ್ಮವ್ವ ಆಗಿದ್ರೂ ಅಂಗೇ ಬರೀತಿತ್ತು ಕಣೇ" ಅಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಅದರಿಂದ ಸಮಾಧಾನವಾಗಲಿಲ್ಲ.

ಬೆಳೆ ಮುಗಿದು, ಹುಳು ಮನೆ ತೊಳೆದು ಸುಣ್ಣ ಬಳಿದ ವಾರ ಅವಳಿಗೆ ಕನಕಪುರದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುವ ಕೆಲಸ ಸಿಕ್ಕಿತು. ಬಸ್ ಹತ್ತಿಸಲು ನಾನು ಹೋಗಿದ್ದೆ. ರಸ್ತೆಯ ಅಂಚಿನ ಕಲ್ಲಿನ ಮೇಲೆ ಅವಳು ಬ್ಯಾಗಿಟ್ಟು, ಅದರ ಮೇಲೆ ಕೂತು, ಷೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಕ್ಷಮೆ ಕೇಳಬೇಕೆಂದು ಮನೆಯಿಂದ ಹೊರಟಿದ್ದೆ. ಬಾಯಿಗೆ ಬಂದದ್ದು ಬೇರೆ.

"ಚೈತ್ರ, ನಾನು ಆಡಿ, ನೀನು ಬರೆಯೋ ಹಾಗಿದ್ದಿದ್ರೆ, ಆ ಮೂಲೆ ಚೆಂಡನ್ನ ನನ್ನ ಹೆಸರಿಗೆ ಹಾಕ್ತಿದ್ದೆಯಾ?"

ಅವಳ ಕೈ ಲೇಸಿನ ಮೇಲೆ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು.

"ಯೋಚ್ನೆ ಮಾಡಿ ಏಳ್ತೀನಿ ಅತ್ತಿಗೆ" ಅಂದಳು.

ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಹಬ್ಬಕ್ಕೆ ಬರುತ್ತಾಳೆ, ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ, ಮಕ್ಕಳ ಆಟದ ವಿಡಿಯೋ ತೋರಿಸಿ ನಗುತ್ತಾಳೆ. ಎರಡು ಮಳೆಗಾಲ ಕಳೆದಿವೆ. ನಾನು ಮತ್ತೆ ಕೇಳಿಲ್ಲ, ಅವಳು ಇನ್ನೂ ಹೇಳಿಲ್ಲ.